ನನ್ನ ಓಟು ಕಸ್ತೂರಿ ನಿವಾಸಕ್ಕೆ

ಅಣ್ಣಾವ್ರ, ಅಂದರೆ ಡಾ. ರಾಜ್‌ಕುಮಾರ್ ಅವರ, ಇನ್ನೂರಕ್ಕೂ ಹೆಚ್ಚು ಸಿನಿಮಾಗಳಲ್ಲಿ ಒಂದನ್ನೇ ಆರಿಸು ಅಂದರೆ ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಮೊದಲು ಬರುವ ಹೆಸರು 'ಗಂಧದ ಗುಡಿ'. ಕಾಡಿನ ಮಗ್ಗುಲಲ್ಲಿ ಬದುಕುವವರಿಗೆ ಆ ಅರಣ್ಯಾಧಿಕಾರಿ ಹತ್ತಿರದವನು ಅನಿಸುವುದು ಸಹಜ. ಚಿಕ್ಕಪ್ಪ ಅಂತೂ ಬಿಟ್ಟುಕೊಡುವುದೇ ಇಲ್ಲ.

ನನ್ನ ಆಯ್ಕೆ ಮಾತ್ರ 1971ರ 'ಕಸ್ತೂರಿ ನಿವಾಸ'. ದೊರೈ-ಭಗವಾನ್ ಜೋಡಿಯ ಚಿತ್ರ. ಕೇಳಿದವರಿಗೆ ಇಲ್ಲ ಅನ್ನದ ಯಜಮಾನ ಒಂದೊಂದಾಗಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಕೊನೆಗೆ ಮನೆಗೆ ಬಂದವಳಿಗೆ ಊಟ ಹಾಕಲು ಮುದ್ದಿನ ಪಾರಿವಾಳವನ್ನೇ ಮಾರಿಬಿಟ್ಟಿರುತ್ತಾನೆ. ಉಂಡ ಮೇಲೆ ಅವಳು ಕೇಳುವುದೂ ಅದನ್ನೇ! ಅಲ್ಲಿ ಅಣ್ಣಾವ್ರ ಮುಖ ನೋಡಬೇಕು. ಕೊಡಲು ಏನೂ ಉಳಿದಿಲ್ಲ ಅನ್ನುವ ಸಂಕಟ ಪೂರ್ತಿ ಕಣ್ಣಲ್ಲೇ ಇದೆ.

ನನಗೆ ಆಗ ನೆನಪಾಗುವುದು ನಮ್ಮಜ್ಜಿ. ಕಾಫಿ ರೇಟ್ ನೆಲ ಕಚ್ಚಿದ ವರ್ಷಗಳಲ್ಲೂ ನೆಂಟರು ಬಂದರೆ ಬುಟ್ಟಿಯಡಿ ಕವುಚಿಟ್ಟ ಕೋಳಿ ಹಿಡಿಸಿ ಸಾರು ಮಾಡುತ್ತಿದ್ದರು. ಕೈ ಖಾಲಿ ಅಂತ ಯಾರಿಗೂ ಗೊತ್ತಾಗಲು ಬಿಡುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವರಿಗೆ ಆ ದೃಶ್ಯ ಸುಮ್ನೆ ಸಿನಿಮಾ ಅಲ್ಲ, ಅಲ್ವಾ?

2014ರಲ್ಲಿ ಬಣ್ಣದಲ್ಲೂ ಬಂತು. ನನಗೆ ಕಪ್ಪು-ಬಿಳುಪೇ ಇಷ್ಟ. ನಿಮ್ಮ ಆಯ್ಕೆ ಯಾವುದು, ಹೇಳಿ.