ಒಬ್ಬಳೇ ಹೊರಟರೂ ರೇಷ್ಮೆ ಸೀರೆ ಬೇಕು

ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಎಂಟು ಗಂಟೆ ಸಾಕು. ನಾನು ಹಡಗಿನಲ್ಲಿ ಹೋದೆ. ಸೌತಾಂಪ್ಟನ್‌ನಲ್ಲಿ ಹತ್ತಿದರೆ ಏಳು ರಾತ್ರಿ ಕಳೆದ ಮೇಲೆ ಬ್ರೂಕ್ಲಿನ್. ಮಗ ಇರುವುದು ನ್ಯೂಜೆರ್ಸಿಯಲ್ಲಿ. ಅವನ ಮನೆಗೆ ಹೋಗುವ ದಾರಿಯೇ ಒಂದು ಪ್ರವಾಸ ಆಗಲಿ ಅನ್ನಿಸಿತ್ತು. ನಮ್ಮವರು ತೀರಿಕೊಂಡ ಮೇಲೆ ನಾನು ಒಬ್ಬಳೇ ಮಾಡಿದ ಮೊದಲ ದೊಡ್ಡ ಪ್ರಯಾಣ ಇದು.

ಮೈಸೂರಿನ ತಂಗಿಗೆ ಫೋನಿನಲ್ಲಿ ಸೀರೆಗಳ ಪಟ್ಟಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾ, ಇಷ್ಟೊಂದು ರೇಷ್ಮೆ ಸೀರೆ ಯಾಕೆ? ಒಬ್ಬಳೇ ಉಟ್ಕೊಂಡು ಯಾರಿಗೆ ತೋರಿಸ್ಬೇಕು?” ಅಂದಳು. ಪ್ರೀತಿಯಿಂದಲೇ ಕೇಳಿದ್ದು. ಆದರೆ ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ಗಂಡ ಇಲ್ಲದವಳು, ಮದುವೆ ಆಗದವಳು, ಮಕ್ಕಳು ದೂರ ಇರುವವಳು ಚೆನ್ನಾಗಿ ಉಟ್ಟುಕೊಂಡರೆ ನಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಯಾರೂ ಕೇಳದಿದ್ದರೆ ನಾವೇ ಕೇಳಿಕೊಳ್ಳುತ್ತೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೋದ ಹಡಗು ಕ್ವೀನ್ ಮೇರಿ 2. 2004ರಿಂದ ಓಡುತ್ತಿದೆ, ಉದ್ದ 345 ಮೀಟರ್. ಅದನ್ನು ನಡೆಸುವ ಕ್ಯುನಾರ್ಡ್ ಕಂಪನಿ 1840ರಿಂದ ಜನರನ್ನು ಅಟ್ಲಾಂಟಿಕ್ ದಾಟಿಸುತ್ತಿದೆ. ಈಗ ಎಷ್ಟೋ ಕ್ರೂಸ್‌ಗಳಲ್ಲಿ ರಾತ್ರಿ ಊಟಕ್ಕೂ ಜೀನ್ಸ್ ನಡೆಯುತ್ತೆ. ಈ ಹಡಗಿನಲ್ಲಿ ಹಳೆಯ ಪದ್ಧತಿ ಇನ್ನೂ ಉಳಿದಿದೆ. ಸಂಜೆ ಆರರ ನಂತರ ದೊಡ್ಡ ಊಟದ ಹಾಲ್‌ಗೆ ಬರುವವರು ನೀಟಾಗಿ ಉಟ್ಟುಕೊಂಡು ಬರಬೇಕು. ಏಳು ರಾತ್ರಿಗಳಲ್ಲಿ ಸಾಮಾನ್ಯವಾಗಿ ಎರಡು ಗಾಲಾ ರಾತ್ರಿ ಇರುತ್ತವೆ. ಆವತ್ತು ಗಂಡಸರು ಟಕ್ಸೀಡೊ ಅಥವಾ ಗಾಢ ಬಣ್ಣದ ಸೂಟು ಹಾಕುತ್ತಾರೆ, ಹೆಂಗಸರು ಉದ್ದನೆಯ ಗೌನ್. ಅವರವರ ದೇಶದ ಉಡುಗೆಗೂ ಅಷ್ಟೇ ಮರ್ಯಾದೆ. ಸ್ಕಾಟ್ಲೆಂಡಿನವರು ಚೌಕಳಿ ಲಂಗದಂಥ ಕಿಲ್ಟ್‌ನಲ್ಲಿ ಬರುತ್ತಾರೆ, ನಾವು ಸೀರೆಯಲ್ಲಿ ಹೋಗಬಹುದು. ಇದೆಲ್ಲ ಬೇಡ ಅನ್ನುವವರಿಗೆ ಬಫೆ ಇದೆ, ಪಬ್ ಇದೆ. ಬಲವಂತ ಏನೂ ಇಲ್ಲ.

ಒಬ್ಬರೇ ಬಂದವರು ಜಾರಿಕೊಳ್ಳುವುದು ಇಲ್ಲೇ. ಬಫೆ ಇದೆಯಲ್ಲ, ಒಂದು ತಟ್ಟೆ ಹಿಡಿದು ಕಿಟಕಿ ಪಕ್ಕ ಕೂತರಾಯಿತು ಅಂದುಕೊಳ್ಳುತ್ತಾರೆ. ಮೊದಲೇ ದುಡ್ಡು ಜಾಸ್ತಿ ಕೊಟ್ಟಿರುತ್ತಾರೆ. ಕ್ರೂಸ್‌ಗಳಲ್ಲಿ ಕೋಣೆ ಅಂದರೆ ಇಬ್ಬರ ಲೆಕ್ಕ. ಒಬ್ಬರೇ ಹೋದರೆ ತಲೆಗೆ ಹೇಳುವ ದರದ ಒಂದೂಮುಕ್ಕಾಲು ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಕೊಡಬೇಕು. ಈ ಹಡಗಿನಲ್ಲಿ 2016ರಲ್ಲಿ ಒಂಟಿ ಪ್ರಯಾಣಿಕರಿಗೆಂದೇ 15 ಕೋಣೆ ಮಾಡಿದರು. ಅವು ಬೇಗ ಭರ್ತಿಯಾಗುತ್ತವೆ, ತುಂಬಾ ಮೊದಲೇ ಬುಕ್ ಮಾಡಬೇಕು. ಅಷ್ಟು ದುಡ್ಡು ಕೊಟ್ಟು ಬಂದು, ಹಡಗಿನ ಅತಿ ಚಂದದ ಸಂಜೆಯನ್ನು ಕೋಣೆಯಲ್ಲಿ ಟೀವಿ ಮುಂದೆ ಕಳೆಯುವುದು ಅನ್ಯಾಯ ಅಲ್ವಾ? ಹಾಗೆ ಕಳೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತೆ. ಸಾವಿರಕ್ಕೂ ಜಾಸ್ತಿ ಜನ ಕೂರುವ ಹಾಲ್‌ನ ಬಾಗಿಲಲ್ಲಿ ಜೊತೆಗೆ ಯಾರೂ ಇಲ್ಲದೆ ನಿಲ್ಲುವುದು ಸುಲಭ ಅಲ್ಲ, ಗೊತ್ತು. ಆದರೆ ಆ ಕಷ್ಟ ಬಾಗಿಲಿನಿಂದ ಟೇಬಲ್‌ವರೆಗೆ ಮಾತ್ರ.

ಗಾಲಾ ರಾತ್ರಿ ನಿಜವಾಗಿ ಶುರುವಾಗುವುದು ಇಸ್ತ್ರಿ ಕೋಣೆಯಲ್ಲಿ. ಬೆಂಕಿಯ ಭಯಕ್ಕೆ ನಮ್ಮ ಕೋಣೆಗಳಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಳ್ಳಲು ಬಿಡುವುದಿಲ್ಲ. ಬದಲಿಗೆ ಬಟ್ಟೆ ಒಗೆಯುವ ಮೆಷಿನ್, ಇಸ್ತ್ರಿ ಮಣೆ ಇರುವ ಕೋಣೆಗಳನ್ನು ಮಾಡಿಟ್ಟಿದ್ದಾರೆ. ಮಧ್ಯಾಹ್ನ ಮೂರರ ಮೇಲೆ ಅಲ್ಲಿಗೆ ಹೋದರೆ ಮದುವೆ ಮನೆಯ ಹೆಂಗಸರ ಕೋಣೆ ಹೇಗಿರುತ್ತೋ ಹಾಗೇ ಇರುತ್ತೆ. ಮಣೆಗಾಗಿ ಸಾಲು, ಮಾತು, ನಗು. ನಾನು ತಂದಿದ್ದ ಕಾಂಜೀವರಂ ಸೀರೆಗೆ ಮಡಿಕೆಯ ಗೆರೆ ಬಿದ್ದಿತ್ತು. ಐದೂವರೆ ಮೀಟರ್ ಬಟ್ಟೆಯನ್ನು ಆ ಪುಟ್ಟ ಮಣೆಯ ಮೇಲೆ ಹೇಗೆ ಸಂಭಾಳಿಸಲಿ ಅಂತ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಯಾರ್ಕ್‌ಶೈರ್‌ನ ಒಬ್ಬರು ಕೇಳದೆಯೇ ಬಂದು ಸೆರಗಿನ ತುದಿ ಹಿಡಿದರು. ನಾನು ಇಸ್ತ್ರಿ ಮಾಡುತ್ತಾ ಹೋದಂತೆ ಅವರು ಸೀರೆ ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದು ಹಿಂದೆ ಹಿಂದೆ ಸರಿದರು. ಇಬ್ಬರೂ ಸೇರಿ ಮಡಿಚಿದೆವು.

ಆಮೇಲೆ ಅವರು ಮೆಲ್ಲಗೆ ಕೇಳಿದರು, ಸಂಜೆ ತಮ್ಮ ಗೌನಿನ ಬೆನ್ನಿನ ಜಿಪ್ ಎಳೆದು ಕೊಡಲು ಆಗುತ್ತಾ ಅಂತ. ನಲವತ್ತು ವರ್ಷ ಗಂಡ ಎಳೆಯುತ್ತಿದ್ದರಂತೆ. ಈಗ ಗಂಡ ಇಲ್ಲ, ಆ ಗೌನ್ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದರು. ಈ ಸಲ ಧೈರ್ಯ ಮಾಡಿ ತಂದಿದ್ದರು.

ಒಂಟಿಯಾಗಿ ಅಲಂಕಾರ ಮಾಡಿಕೊಳ್ಳುವಾಗ ಮನಸ್ಸು ಕುಸಿಯುವುದು ಇಂಥ ಚಿಕ್ಕ ಜಾಗದಲ್ಲಿ. ಕೈಗೆ ಎಟುಕದ ಜಿಪ್, ಸರದ ಕೊಂಡಿ, “ಹಿಂದೆ ಸರಿ ಇದೆಯಾ ನೋಡು” ಅನ್ನಲು ಯಾರೂ ಇಲ್ಲದ ಕೋಣೆ. ನಮ್ಮ ಸೀರೆಗೆ ಈ ತೊಂದರೆ ಇಲ್ಲ. ಮುಂದೆ ಹುಕ್ಕು ಇರುವ ಬ್ಲೌಸ್ ಇದ್ದರೆ ಯಾರ ಸಹಾಯವೂ ಬೇಕಿಲ್ಲ. ಈಗ ಫ್ಯಾಶನ್ ಅಂತ ಬೆನ್ನ ಹಿಂದೆ ಹುಕ್ಕು, ದಾರ ಇಟ್ಟು ಹೊಲಿಸುತ್ತಾರೆ. ಒಬ್ಬರೇ ಹೊರಡುವವರು ಅದನ್ನು ಮನೆಯಲ್ಲೇ ಬಿಡಿ. ಕೊಂಡಿಯ ಸರಕ್ಕಿಂತ ತಲೆಯ ಮೇಲಿಂದ ಹಾಕಿಕೊಳ್ಳುವ ಉದ್ದ ಸರ ವಾಸಿ.

ಸೀರೆಗಳಲ್ಲಿ ನನ್ನ ಓಟು ಮೈಸೂರು ರೇಷ್ಮೆಗೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯಲ್ಲಿ ನೇಯುವ ಈ ಕ್ರೇಪ್ ಸೀರೆ ಹಗುರ, ಮೈಗೆ ಕೂರುತ್ತೆ, ಸುಕ್ಕು ಕಡಿಮೆ. ಹಡಗು ಅಲ್ಲಾಡುವಾಗ ಇದರ ಬೆಲೆ ಗೊತ್ತಾಗುತ್ತೆ. ಅಟ್ಲಾಂಟಿಕ್‌ನಲ್ಲಿ ಗಾಳಿ ಎದ್ದ ಸಂಜೆ ಕಾಂಜೀವರಂ ಉಟ್ಟು ಮೆಟ್ಟಿಲು ಇಳಿಯುವುದು ಕಷ್ಟ. ನೆರಿಗೆಯನ್ನು ಯಾವಾಗಲಿಗಿಂತ ಅರ್ಧ ಇಂಚು ಮೇಲೆ ಸಿಕ್ಕಿಸಿ, ಹಿಮ್ಮಡಿ ಎತ್ತರ ಇಲ್ಲದ ಚಪ್ಪಲಿ ಹಾಕಿ, ಒಂದು ಕೈ ಕಂಬಿಯ ಮೇಲೇ ಇರಲಿ. ಸೆರಗನ್ನು ಮಡಿಸಿ ಭುಜಕ್ಕೆ ಪಿನ್ ಮಾಡುವುದು ಒಳ್ಳೆಯದು. ಬಿಟ್ಟ ಸೆರಗು ಸೂಪಿನ ಬಟ್ಟಲಿಗೆ ಇಳಿಯಲು ಒಂದು ಅಲೆ ಸಾಕು.

ಇನ್ನು ಬಣ್ಣದ ವಿಷಯ. ಗಾಲಾ ರಾತ್ರಿಗಳಲ್ಲಿ ಒಂದಕ್ಕೆ ಕಪ್ಪು-ಬಿಳುಪು ಅಂತ ಹೆಸರು. ಎಲ್ಲರೂ ಆ ಎರಡು ಬಣ್ಣದಲ್ಲಿ ಬಂದರೆ ಚಂದ ಅನ್ನುವುದಷ್ಟೇ, ಕಡ್ಡಾಯ ಇಲ್ಲ. ಆದರೆ ಸೀರೆ ಆರಿಸುವಾಗ ನಾನು ಬೀರುವಿನ ಮುಂದೆ ಬಹಳ ಹೊತ್ತು ನಿಂತೆ. ನಮ್ಮ ಮನೆಯಲ್ಲಿ ಒಳ್ಳೆಯ ದಿನಕ್ಕೆ ಕಪ್ಪು ಉಡುವವರಲ್ಲ. ಬಿಳಿ ಸೀರೆ ಕೈಗೆ ತೆಗೆದುಕೊಂಡರೆ, ಗಂಡ ಹೋದವಳಿಗೆ ಇದೇ ಸರಿ ಅಂತ ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು. ನನ್ನ ಅಜ್ಜಿಯ ಅತ್ತೆ ತಲೆ ಬೋಳಿಸಿಕೊಂಡು, ಕೆಂಪು ಮಡಿ ಸೀರೆಯಲ್ಲೇ ಉಳಿದ ಆಯಸ್ಸು ಕಳೆದವರು. ಹಬ್ಬದ ದಿನ ನಡುಮನೆಗೆ ಬರುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ನಮ್ಮ ಕಾಲ ಅಷ್ಟು ಕ್ರೂರ ಅಲ್ಲ. ಆದರೂ ಅರಿಶಿನ ಕುಂಕುಮಕ್ಕೆ ಕರೆಯುವಾಗ ಕೆಲವರ ದನಿ ಸಣ್ಣದಾಗುವುದನ್ನು ನಾನು ಕೇಳಿದ್ದೇನೆ.

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಬೀದಿಯಲ್ಲೇ ಇರುವ ಹುಬ್ಬಳ್ಳಿಯ ಗೆಳತಿಗೆ ಇದನ್ನು ಹೇಳಿಕೊಂಡೆ. ಅವಳು ಹೇಳಿದಳು, “ನಮ್ಮ ಕಡೆ ಚಂದ್ರಕಾಳಿ ಸೀರಿ ಅಂದ್ರ ಹೆಣ್ಮಕ್ಕಳು ಜೀವ ಬಿಡ್ತಾರ. ಕರಿ ಸೀರಿ ಉಟ್ರ ಏನಾಗ್ತದ? ಸುಮ್ನ ಉಡ್ರಿ ಅಕ್ಕಾರ.” ಅವಳ ಮಾತು ಕೇಳಿ ಜರಿ ಅಂಚಿನ ಕಪ್ಪು ಮೈಸೂರು ರೇಷ್ಮೆ ಕೊಂಡೆ. ನನ್ನ ದುಡ್ಡಿನಲ್ಲಿ, ನನಗಾಗಿ. ಅದಕ್ಕೆ ಮುತ್ತಿನ ಸರ, ಹಣೆಗೆ ದೊಡ್ಡ ಕೆಂಪು ಬೊಟ್ಟು. ಕನ್ನಡಿ ಮುಂದೆ ನಿಂತಾಗ ಚೆನ್ನಾಗಿ ಕಾಣುತ್ತಿದ್ದೇನೆ ಅನ್ನಿಸಿತು. ಎಷ್ಟೋ ದಿನಗಳ ಮೇಲೆ ಹಾಗೆ ಅನ್ನಿಸಿದ್ದು.

ಊಟದ ಟೇಬಲ್ ಬಗ್ಗೆ ಒಂದು ಮಾತು. ಬುಕ್ ಮಾಡುವಾಗಲೇ ದೊಡ್ಡ ಟೇಬಲ್‌ನಲ್ಲಿ ಬೇರೆಯವರ ಜೊತೆ ಕೂರುತ್ತೇನೆ ಅಂತ ತಿಳಿಸಿ. ಇಬ್ಬರ ಟೇಬಲ್ ಕೊಟ್ಟರೆ ಎದುರಿನ ಕುರ್ಚಿ ಖಾಲಿ ಇರುತ್ತೆ. ನನ್ನ ಟೇಬಲ್‌ನಲ್ಲಿ ಇಸ್ತ್ರಿ ಕೋಣೆಯ ಯಾರ್ಕ್‌ಶೈರ್ ಗೆಳತಿ, ವಿಮಾನ ಹತ್ತಲು ಹೆದರುವ ಒಬ್ಬ ಸಂಗೀತದ ಮೇಷ್ಟ್ರು, ಕಿಲ್ಟ್ ಹಾಕಿದ ಒಬ್ಬ ಹಿರಿಯರು, ಇನ್ನೂ ಒಂದಿಬ್ಬರು ಇದ್ದರು. ಅಪರಿಚಿತರ ನಡುವೆ ಮೊದಲ ಮಾತು ಯಾವುದು ಅನ್ನುವ ಚಿಂತೆಯನ್ನು ಉಡುಗೆಯೇ ಕಳೆಯಿತು. ಜರಿ ಏನು, ಎಷ್ಟು ಉದ್ದ, ಹೇಗೆ ನಿಲ್ಲುತ್ತೆ ಅಂತ ಅವರು ಕೇಳಿದರು. ಕಿಲ್ಟ್‌ನ ಚೌಕಳಿ ಯಾವ ಮನೆತನದ್ದು ಅಂತ ನಾನು ಕೇಳಿದೆ. ಊಟ ಮುಗಿಯುವ ಹೊತ್ತಿಗೆ ಯಾರು ಯಾರನ್ನು ಕಳೆದುಕೊಂಡಿದ್ದಾರೆ ಅನ್ನುವುದೂ ಎಲ್ಲರಿಗೂ ಗೊತ್ತಾಗಿತ್ತು.

ಬಡಿಸುವ ಹುಡುಗರಲ್ಲಿ ಒಬ್ಬ ಕುಂದಾಪುರದವನು. ಕರಾವಳಿಯ ಎಷ್ಟೋ ಹುಡುಗರು ಹಡಗಿನ ಕೆಲಸದಲ್ಲಿದ್ದಾರೆ, ನಿಮಗೂ ಯಾರಾದರೂ ಸಿಕ್ಕೇ ಸಿಗುತ್ತಾರೆ. ನಾನು ಸಸ್ಯಾಹಾರಿ ಅಂತ ಗೊತ್ತಾದಾಗ, “ನಾಳೆಗೆ ಎಂತ ಬೇಕು ಹೇಳಿ ಅಕ್ಕ, ಇವತ್ತೇ ಅಡುಗೆಯವರಿಗೆ ಹೇಳ್ತೆ” ಅಂದ. ಮರುದಿನ ದಾಲ್, ಅನ್ನ, ತರಕಾರಿ ಪಲ್ಯ ಬಂತು. ಹಿಂದಿನ ರಾತ್ರಿಯೇ ಹೇಳಿಟ್ಟರೆ ಸಾಕು, ಮಾಡಿಕೊಡುತ್ತಾರೆ.

ಊಟ ಆದ ಮೇಲೆ ಕೋಣೆಗೆ ಓಡಬೇಡಿ. ಕ್ವೀನ್ಸ್ ರೂಮ್ ಅನ್ನುವ ದೊಡ್ಡ ನೃತ್ಯದ ಹಾಲ್ ಇದೆ, ಬ್ಯಾಂಡ್ ನುಡಿಸುತ್ತಾರೆ. ಜೊತೆಗಾರರಿಲ್ಲದ ಹೆಂಗಸರ ಜೊತೆ ಕುಣಿಯಲೆಂದೇ ಹಡಗಿನವರು ನೃತ್ಯ ಬಲ್ಲ ಹಿರಿಯ ಗಂಡಸರನ್ನು ಕರೆತಂದಿದ್ದರು. ಒಬ್ಬರ ಜೊತೆಗೇ ಅಂಟಿಕೊಳ್ಳದೆ ಎಲ್ಲರನ್ನೂ ಕರೆಯಬೇಕು ಅನ್ನುವುದು ಅವರಿಗಿದ್ದ ನಿಯಮ. ನಡತೆ ತುಂಬಾ ಗೌರವದ್ದು. ನನಗೆ ವಾಲ್ಟ್ಸ್ ಬರುತ್ತಿರಲಿಲ್ಲ. ಆದರೆ ಹಗಲು ಹೊತ್ತಿನಲ್ಲಿ ಪಾಠ ನಡೆಯುತ್ತೆ, ಅಲ್ಲಿ ಕಲಿತೆ. ಸೀರೆಯಲ್ಲಿ ಹಿಂದಕ್ಕೆ ಹೆಜ್ಜೆ ಹಾಕುವಾಗ ಚಿಕ್ಕ ಹೆಜ್ಜೆ ಹಾಕಬೇಕು, ನೆರಿಗೆಗೆ ಒಳಗಿನಿಂದ ಒಂದು ಪಿನ್ ಹಾಕಿರಬೇಕು. ಆಗ ಏನೂ ಆಗುವುದಿಲ್ಲ. ಪಶ್ಚಿಮಕ್ಕೆ ಹೋಗುವಾಗ ಹೆಚ್ಚಿನ ರಾತ್ರಿಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಎಷ್ಟು ತಡವಾಗಿ ಮಲಗಿದರೂ ಒಂದು ಗಂಟೆ ನಿದ್ದೆ ವಾಪಸ್ ಸಿಗುತ್ತೆ. ಆ ಗಂಟೆಯನ್ನು ನಾನು ಪೂರ್ತಿ ಕುಣಿತಕ್ಕೇ ಕೊಟ್ಟೆ.

ತಂಗಿಗೆ ಆ ರಾತ್ರಿಯ ಫೋಟೋ ಕಳಿಸಿದೆ. ತೋರಿಸಲು ಜನ ಇದ್ದರು, ಅದು ನಿಜ. ಆದರೆ ಜನ ಇಲ್ಲದಿದ್ದರೂ ಉಡುತ್ತಿದ್ದೆ ಅಂತ ಬರೆದೆ. ಬೆಳಗ್ಗಿನಿಂದ ರಾತ್ರಿವರೆಗೆ ಒಂದೇ ಸಲ್ವಾರ್‌ನಲ್ಲಿ ದಿನ ತಳ್ಳಿದ ವರ್ಷಗಳು ನನಗೆ ನೆನಪಿವೆ. ಸಂಜೆ ಮುಖ ತೊಳೆದು, ಸೀರೆ ಆರಿಸಿ, ನೆರಿಗೆ ಹಿಡಿಯುವ ಆ ಅರ್ಧ ಗಂಟೆ ನನಗೆ ನಾನೇ ಕೊಡುವ ಮರ್ಯಾದೆ. ಅದನ್ನು ಇನ್ನೊಬ್ಬರು ಇದ್ದರೆ ಮಾತ್ರ ಕೊಡುವುದು ಯಾವ ನ್ಯಾಯ?

ಒಂಟಿಯಾಗಿ ಹೊರಡುವ ಗಂಡಸರಿಗೂ ಹೇಳುತ್ತೇನೆ. ಟಕ್ಸೀಡೊ ಇಲ್ಲ ಅಂತ ಹಿಂಜರಿಯಬೇಡಿ. ಕತ್ತಿನವರೆಗೆ ಗುಂಡಿ ಇರುವ ಬಂದ್‌ಗಲಾ ಕೋಟು ತುಂಬಾ ಚಂದ ಕಾಣುತ್ತೆ, ಬೋ ಟೈ ಕಟ್ಟುವ ತಾಪತ್ರಯವೂ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗಳಲ್ಲಿ ನೋಡಿದ್ದೀರಲ್ಲ, ಸೂಟಿನ ಮೇಲೆ ಮೈಸೂರು ಪೇಟ. ಹಾಗೆ ಬಂದವರನ್ನು ಯಾವ ಹಾಲ್‌ನಲ್ಲೂ ಜನ ಎದ್ದು ನಿಂತು ನೋಡುತ್ತಾರೆ.

ಸಾಮಾನಿನ ಚಿಂತೆ ಬೇಡ, ಹಡಗಿನಲ್ಲಿ ವಿಮಾನದ ತೂಕದ ಕಾಟ ಇಲ್ಲ. ಕೊನೆಯ ರಾತ್ರಿಗೆ ಮಾತ್ರ ಮೊದಲೇ ಯೋಚಿಸಿ. ದೊಡ್ಡ ಪೆಟ್ಟಿಗೆಗಳನ್ನು ಆವತ್ತು ರಾತ್ರಿಯೇ ಕೋಣೆಯ ಹೊರಗೆ ಇಡಬೇಕು, ಹಡಗಿನವರು ತೆಗೆದುಕೊಂಡು ಹೋಗುತ್ತಾರೆ. ರೇಷ್ಮೆಯೆಲ್ಲ ಅದರೊಳಗೆ ಹೋಗುವುದರಿಂದ ಊಟಕ್ಕೆ ಉಡಲು, ಬೆಳಗ್ಗೆ ಇಳಿಯಲು ಸುಕ್ಕಾಗದ ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ಇರಲಿ. ಜೊತೆಗೆ ಒಂದು ದಪ್ಪ ಶಾಲು. ಬೆಳಕು ಹರಿಯುವ ಮುಂಚೆ ಹಡಗು ನ್ಯೂಯಾರ್ಕಿನ ವೆರಜಾನೊ ಸೇತುವೆಯ ಕೆಳಗೆ ಹಾದು ಹೋಗುತ್ತೆ, ಚಿಮಣಿಗೂ ಸೇತುವೆಗೂ ಕೆಲವೇ ಮೀಟರ್ ಅಂತರ. ಅದನ್ನು ನೋಡಲು ಮೇಲಿನ ಡೆಕ್‌ನಲ್ಲಿ ಎಲ್ಲರೂ ಸೇರುತ್ತಾರೆ, ಗಾಳಿ ವಿಪರೀತ ತಣ್ಣಗಿರುತ್ತೆ.