42ಯು ರ‍್ಯಾಕ್, 12ಯು ಸಾಮಾನು
14 ಜೂನ್ 2025, ಶನಿವಾರ

ಸರ್ವರ್‌ಗಳನ್ನು ಒಂದರ ಮೇಲೊಂದು ಕೂರಿಸುವ ಚೌಕಟ್ಟೇ ರ‍್ಯಾಕ್, ಅದರ ಎತ್ತರದ ಅಳತೆ ‘ಯು’. ಇವತ್ತಿನ ಲೆಕ್ಕ: 3ಯು ಯುಪಿಎಸ್ (ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಪೆಟ್ಟಿಗೆ) ಒಂದು, 2ಯು ಸರ್ವರ್ ಮೂರು, 1ಯು ಸರ್ವರ್ ಎರಡು, 1ಯು ನೆಟ್‌ವರ್ಕ್ ಸ್ವಿಚ್ ಒಂದು. ತುಂಬುವುದು 12ಯು, ಉಳಿಯುವುದು 30ಯು. ಕಾಟ ಕೊಡುವುದು ಈ ಖಾಲಿ ಜಾಗವೇ.

ರ‍್ಯಾಕ್ ಚಕ್ರದ ಮೇಲೆ ನಿಂತಿರುವಾಗ ಏನನ್ನೂ ಏರಿಸುವಂತಿಲ್ಲ. ನಾಲ್ಕೂ ಲೆವೆಲಿಂಗ್ ಕಾಲು ನೆಲ ಕಚ್ಚಬೇಕು, ಮುಗ್ಗರಿಸದಂತೆ ತಡೆಯುವ ಮುಂದಿನ ಆಂಟಿ-ಟಿಪ್ ಪಟ್ಟಿ ಬಿಗಿಯಬೇಕು. ಹಿಂದಿನ ಕಂಬಗಳನ್ನು ರೈಲಿನ (ಸರ್ವರ್ ಜಾರಿ ಕೂರುವ ಪಟ್ಟಿಯ) ಉದ್ದಕ್ಕೆ ಹೊಂದಿಸುವುದೂ ಈಗಲೇ. ಭಾರ ಬಿದ್ದ ಮೇಲೆ ಅವು ಜರುಗುವುದಿಲ್ಲ. ಯುಪಿಎಸ್ ತೀರಾ ಕೆಳಗೆ, ಬುಡದಿಂದ ಎಣಿಸಿ 1ರಿಂದ 3ನೇ ಯುನಲ್ಲಿ: ಬ್ಯಾಟರಿ ಹೊರತೆಗೆದು ಬರೀ ಪೆಟ್ಟಿಗೆ ಕೂರಿಸಿ, ಆಮೇಲೆ ಬ್ಯಾಟರಿ.

ತೂತು ಎಣಿಸುವಲ್ಲಿ ಎಡವುವವರೇ ಜಾಸ್ತಿ. 1ಯು ಅಂದರೆ 44.45 ಮಿ.ಮೀ., ಅದರಲ್ಲಿ ಮೂರು ತೂತು. ಅವುಗಳ ನಡುವಿನ ಅಂತರ ಒಂದೇ ಸಮ ಅಲ್ಲ: 15.9, 15.9, ಆಮೇಲೆ 12.7 ಮಿ.ಮೀ. ಒಂದು ಯು ಮುಗಿದು ಇನ್ನೊಂದು ಶುರುವಾಗುವುದು ಆ ಕಿರಿದಾದ 12.7ರ ಮಧ್ಯದಲ್ಲಿ. ಕಣ್ಣಿಗೆ ಹತ್ತಿರ ಕಾಣುವ ಎರಡು ತೂತು ಒಂದೇ ಯುಗೆ ಸೇರಿದವು ಎಂದುಕೊಂಡರೆ ಪೆಟ್ಟಿಗೆ ಎರಡು ಯು ಮೇಲೆ ಅಡ್ಡಗಾಲು ಹಾಕಿ ಕೂರುತ್ತದೆ. ಮುಂದೆ ಸರಿಯಾಗಿ ಎಣಿಸಿ ಹಿಂದೆ ಒಂದು ತೂತು ತಪ್ಪಿದರೆ ರೈಲು ಓರೆಯಾಗಿ, ಸರ್ವರ್ ಅರ್ಧ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಕಂಬಕ್ಕೂ ಟೇಪ್ ಅಂಟಿಸಿ ನಂಬರ್ ಬರೆದಿಡುವುದು ವಾಸಿ.

ಕೇಜ್ ನಟ್ (ಕಂಬದ ಚೌಕ ತೂತಿಗೆ ಸಿಕ್ಕಿಸುವ ನಟ್) ಹಾಕುವುದು ಕಂಬದ ಒಳಬದಿಯಿಂದ, ಅದರದ್ದೇ ಕೊಕ್ಕೆಯಿಂದ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಜಾರಿ ಅಂಗೈ ಸೀಳುತ್ತದೆ. ಸ್ಕ್ರೂ ಮೊದಲ ಮೂರು ಸುತ್ತು ಬೆರಳಲ್ಲೇ ಹೋಗಬೇಕು. ಎಂ5 ಮತ್ತು 10-32 ಸ್ಕ್ರೂ ನೋಡಲು ಅವಳಿಜವಳಿ. ಒಂದರ ನಟ್‌ಗೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಸವೆದುಹೋಗುತ್ತದೆ.

ಸರ್ವರ್ ಎತ್ತಲು ಇಬ್ಬರು. ಬೇರಿಂಗ್ ಇರುವ ರೈಲಾದರೆ, ಸರ್ವರ್‌ಗೆ ಹತ್ತಿದ ಒಳರೈಲು ತೂರಿಸುವ ಮುಂಚೆ ಬೇರಿಂಗ್ ಪಟ್ಟಿಯನ್ನು ಪೂರ್ತಿ ಮುಂದಕ್ಕೆ ಎಳೆದಿರಬೇಕು. ಇಲ್ಲವಾದರೆ ಗುಂಡುಗಳು ಉದುರಿ ನೆಲದ ಪಾಲು. ಒಂದು ಸಲಕ್ಕೆ ಒಂದೇ ಸರ್ವರ್ ಹೊರಗೆಳೆಯುವುದು.

ಇನ್ನು ಗಾಳಿ. ಸರ್ವರ್‌ಗಳೆಲ್ಲ ಮುಂದಿನಿಂದ ಎಳೆದು ಹಿಂದಕ್ಕೆ ಬಿಡುತ್ತವೆ. ತುತ್ತತುದಿಯ 42ರಲ್ಲಿ ಕೂರುವ ಸ್ವಿಚ್ ಹಾಗಲ್ಲ. ಕೇಬಲ್ ಅನುಕೂಲಕ್ಕೆ ಅದರ ಪೋರ್ಟ್‌ಗಳು ಹಿಂದಕ್ಕೆ ಮುಖಮಾಡಿದರೆ, ಗಾಳಿ ಪವರ್ ಸಪ್ಲೈ ಕಡೆಯಿಂದ ಒಳಹೋಗಿ ಪೋರ್ಟ್ ಕಡೆಯಿಂದ ಹೊರಬರುವ ಮಾದರಿಯೇ ಬೇಕು. ಗಾಳಿಯ ದಿಕ್ಕನ್ನು ಫ್ಯಾನ್ ಹಿಡಿಯ ಬಣ್ಣ ನೋಡಿ ತೀರ್ಮಾನಿಸಬಾರದು, ಕಂಪನಿಗೊಂದು ಬಣ್ಣ. ಟಿಶ್ಯೂ ಚೂರು ಹಿಡಿದರೆ ತಿಳಿಯುತ್ತದೆ. ಇನ್ನೊಂದು ತೊಡಕು: ಸ್ವಿಚ್ ಗಿಡ್ಡ, ಗಾಳಿ ಎಳೆಯುವ ಅದರ ಮೂಗು ರ‍್ಯಾಕ್ ನಡುವೆಯೇ ನಿಲ್ಲುತ್ತದೆ. 42ನೇ ಯು ಮುಂಭಾಗಕ್ಕೆ ಖಾಲಿ ಪ್ಯಾನಲ್ (ಖಾಲಿ ಯು ಮುಚ್ಚುವ ಹಲಗೆ) ಬಡಿದರೆ ಉಸಿರು ಕಟ್ಟುತ್ತದೆ, ತೆರೆದುಬಿಟ್ಟರೆ ಒಳಗಿನ ಬಿಸಿ ಮುಂದಕ್ಕೆ ನುಗ್ಗುತ್ತದೆ. ಅಲ್ಲಿ ಬೇಕಾದ್ದು ಮುಂಬಾಗಿಲಿನಿಂದ ಸ್ವಿಚ್‌ವರೆಗಿನ ಡಕ್ಟ್, ಅಂದರೆ ಗಾಳಿಯ ಕೊಳವೆ.

ಸರ್ವರ್‌ಗಳ ಮಧ್ಯೆ 1ಯು ಬಿಟ್ಟರೆ ತಂಪು ಎನ್ನುವ ಚಾಳಿ ಇನ್ನೂ ಹೋಗಿಲ್ಲ. ಆಗುವುದು ಉಲ್ಟಾ: ಹಿಂದಿನ ಬಿಸಿಗಾಳಿ ಆ ಸಂದಿನಲ್ಲೇ ಮುಂದೆ ಬಂದು ಮತ್ತೆ ಸರ್ವರ್ ಹೊಟ್ಟೆ ಸೇರುತ್ತದೆ. ಹಾಗಾಗಿ ಸರ್ವರ್‌ಗಳು 4ರಿಂದ 11ರಲ್ಲಿ ಸಂದಿಲ್ಲದೆ, 12ರಿಂದ 41ರವರೆಗೆ ಖಾಲಿ ಪ್ಯಾನಲ್, ಕಂಬಕ್ಕೂ ಪಕ್ಕದ ಗೋಡೆಗೂ ನಡುವಿನ ಸಂದಿಗೆ ಫೋಮ್, ಕೇಬಲ್ ತೂರುವಲ್ಲಿ ಬ್ರಷ್ ಪಟ್ಟಿ. ಹಿಂದೆ ಕೇಬಲ್‌ಗಳನ್ನು ವೆಲ್ಕ್ರೋದಿಂದ ಪಕ್ಕಕ್ಕೆ ಕಟ್ಟಬೇಕು, ಫ್ಯಾನ್ ಬಾಯಿಗೆ ಅಡ್ಡ ಬರಬಾರದು.

1 ಕಿಲೋವ್ಯಾಟ್ ಬಿಸಿಯನ್ನು 11 ಡಿಗ್ರಿ ಏರಿಕೆಯೊಳಗೆ ಹೊತ್ತೊಯ್ಯಲು ಗಂಟೆಗೆ ಸುಮಾರು 270 ಘನ ಮೀಟರ್ ಗಾಳಿ ಬೇಕು. ಆಶ್ರೇ (ಅಮೆರಿಕದ ಹವಾನಿಯಂತ್ರಣ ಇಂಜಿನಿಯರ್‌ಗಳ ಸಂಘ) ಶಿಫಾರಸಿನಂತೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಅಳೆಯುವುದು ಮುಂಭಾಗದಲ್ಲಿ, ಕೆಳಗೆ, ನಡುವೆ, ಮೇಲೆ. ಮೇಲಿನದು ಕೆಳಗಿನದಕ್ಕಿಂತ 4–5 ಡಿಗ್ರಿ ಹೆಚ್ಚಿದ್ದರೆ ಏಸಿಯ ಡಿಗ್ರಿ ಇಳಿಸುವ ಮೊದಲು ಸಂದಿ ಹುಡುಕಬೇಕು.

ನಾಳೆಗೆ ಬಾಕಿ: 42ರ ಡಕ್ಟ್, ಪೂರ್ತಿ ಲೋಡ್ ಕೊಟ್ಟು ಮೂರೂ ಕಡೆ ಅಳತೆ.