ಪ್ಲಾನ್‌ನಲ್ಲಿ ಇದೆ ಸಾರ್

ಮುಚ್ಚಳ ಇತ್ತು. ಅದರ ಕೆಳಗೆ ಗುಂಡಿ ಇರಲಿಲ್ಲ.

ಭಾನುವಾರದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಆನೇಕಲ್ ಕಡೆ ಒಂದು ಹೊಸ ಲೇಔಟ್. ಭಾವಮೈದ ಸೈಟು ನೋಡಬೇಕು ಅಂದ, ಜೊತೆಗೆ ಹೋಗಿದ್ದೆ. ಪಾರ್ಕಿಗೆ ಬಿಟ್ಟ ಜಾಗದ ಮೂಲೆಯಲ್ಲಿ ಸಿಮೆಂಟಿನ ದುಂಡು ಮುಚ್ಚಳ. ಮೇಲೆ ನೀಲಿ ಬಣ್ಣದಲ್ಲಿ ‘ಮಳೆನೀರು ಇಂಗುಗುಂಡಿ’ ಅಂತ ಚೆಂದವಾಗಿ ಬರೆಸಿದ್ದರು. ಭಾವಮೈದನ ಮಗ ಸುಮ್ನೆ ನಿಲ್ಲೋನಲ್ಲ. ಕಬ್ಬಿಣದ ಹಿಡಿ ಕಂಡಿದ್ದೇ ತಡ, ಎಳೆಯೋಕೆ ಶುರುಮಾಡಿದ. ನಾನೂ ಕೈ ಹಾಕಿದೆ. ಮುಚ್ಚಳ ಪಕ್ಕಕ್ಕೆ ಸರಿಯಿತು. ಕೆಳಗೆ ಗಟ್ಟಿ ಕೆಂಪು ಮಣ್ಣು, ಬಿಸಿಲು ಕಾಣದೆ ಬಿಳಿಚಿಕೊಂಡ ಹುಲ್ಲು, ಒಂದಷ್ಟು ಇರುವೆ.

“ಇದೇನಪ್ಪಾ?” ಅಂತ ಸೈಟು ತೋರಿಸುತ್ತಿದ್ದ ಹುಡುಗನನ್ನು ಕೇಳಿದೆ.

ಅವನು ಬಗ್ಗಿ ನೋಡಿದ. ಸ್ವಲ್ಪವೂ ತಬ್ಬಿಬ್ಬಾಗಲಿಲ್ಲ. “ಪ್ಲಾನ್‌ನಲ್ಲಿ ಇದೆ ಸಾರ್” ಅಂದ.

“ಇಲ್ಲಿ ಇಲ್ವಲ್ಲ?”

“ಅಪ್ರೂವ್ಡ್ ಪ್ಲಾನ್ ಸಾರ್. ಅದರಲ್ಲಿ ಇದೆ.”

ಹುಡುಗ ಕೆಟ್ಟವನಲ್ಲ. ಆ ಬಿಸಿಲಲ್ಲಿ ಟೈ ಕಟ್ಟಿಕೊಂಡು, ನಮಗೆಲ್ಲ ಮಜ್ಜಿಗೆ ಪ್ಯಾಕೆಟ್ ಕೊಟ್ಟು, ಮಗುವನ್ನು ಎತ್ತಿಕೊಂಡೇ ಅರ್ಧ ಲೇಔಟ್ ಸುತ್ತಿಸಿದ. ಅವನು ಸುಳ್ಳು ಹೇಳಲಿಲ್ಲ ಅನ್ನೋದೇ ನನಗೆ ತೊಂದರೆ. ಆಫೀಸಿಗೆ ಬಂದಮೇಲೆ ಪ್ಲಾನ್ ಬಿಚ್ಚಿ ತೋರಿಸಿದ. ನಿಜವಾಗಿಯೂ ಇತ್ತು. ಪಾರ್ಕಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ಸೊನ್ನೆಗಳು, ಪಕ್ಕದಲ್ಲಿ ಆಳ, ಅಗಲ, ಎಷ್ಟು ಜಲ್ಲಿ, ಎಷ್ಟು ಮರಳು ಎಲ್ಲ. ಕೆಳಗೆ ಸಹಿ, ಸೀಲು.

ಭಾವಮೈದನಿಗೆ ಇದ್ಯಾವುದೂ ಬೇಡ. ಅವನ ಕಣ್ಣು ಗೇಟಿನ ಮೇಲಿನ ಕಮಾನಿನ ಮೇಲೆ. “ಭಾವ, ನೀವು ಎಲ್ಲಿ ಹೋದ್ರೂ ಬಗ್ಗಿ ನೋಡ್ತೀರ. ತಲೆ ಎತ್ತಿ ಒಂದ್ಸಲ ನೋಡಿ, ಎಂಥಾ ವ್ಯೂ” ಅಂದ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ನೀರು ನಿಂತಾಗ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಲ್ಲಿ ಇವನೂ ಒಬ್ಬ. ಆ ಫೋಟೊ ಈಗಲೂ ಬಂದವರಿಗೆಲ್ಲ ತೋರಿಸುತ್ತಾನೆ. ಅದು ಅವನಿಗೆ ಮಳೆಯ ಕಥೆ ಅಷ್ಟೇ, ಲೇಔಟಿನ ಕಥೆ ಅಲ್ಲ.

ನನಗೆ ಲೆಕ್ಕ ಹಾಕೋ ಚಟ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಸಂಜೆ ಗುಡುಗಿಕೊಂಡು 50 ಮಿಲಿಮೀಟರ್ ಸುರಿದರೆ ಎಕರೆಗೆ 2 ಲಕ್ಷ ಲೀಟರ್. ಈ ಲೇಔಟ್ 12 ಎಕರೆ. ಅಂದರೆ ಒಂದೇ ಸಂಜೆ 24 ಲಕ್ಷ ಲೀಟರ್, 6,000 ಲೀಟರಿನ 400 ಟ್ಯಾಂಕರ್. 2024ರ ಬೇಸಿಗೆಯಲ್ಲಿ ಒಂದು ಟ್ಯಾಂಕರಿಗಾಗಿ ನಾವು ಯಾರ‍್ಯಾರಿಗೆ ಫೋನ್ ಮಾಡಿದ್ದೆವು ಅಂತ ನೆನಪಿದೆ ಅಲ್ವಾ?

ಇಲ್ಲಿ ಮೊದಲು ರಾಗಿ ಬೆಳೆಯುತ್ತಿದ್ದರು. ಹೊಲಕ್ಕೆ ಬದು ಇತ್ತು. ಬಿದ್ದ ನೀರು ಬದುವಿನ ಹತ್ತಿರ ನಿಂತು, ಇಂಗುವಷ್ಟು ಇಂಗಿ, ಉಳಿದದ್ದು ನಿಧಾನಕ್ಕೆ ಕೆಳಗಿನ ಹೊಲಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತಿತ್ತು. ಕೆರೆ ತುಂಬಿದರೆ ಕೋಡಿ ಬಿದ್ದು ಮುಂದಿನ ಕೆರೆಗೆ. ದೊಡ್ಡ ನದಿ ಇಲ್ಲದ ಸೀಮೆಯಲ್ಲಿ ಜನ ಬದುಕಿದ್ದು ಹೀಗೇ. ಈಗ ಬದು ಇಲ್ಲ. ಡಾಂಬರು ಇದೆ, ಕಾಂಕ್ರೀಟ್ ಚರಂಡಿ ಇದೆ, ನಾಳೆ ಮನೆಗಳ ತಾರಸಿ ಬರುತ್ತವೆ. ಬಿದ್ದ ನೀರೆಲ್ಲ ಚರಂಡಿ ಹಿಡಿದು ಓಡಬೇಕು.

ಎಲ್ಲಿಗೆ? ಪ್ಲಾನ್‌ನಲ್ಲಿ ಅದಕ್ಕೂ ಉತ್ತರ ಇತ್ತು. ಚರಂಡಿಯ ಗೆರೆ ಲೇಔಟಿನ ತಗ್ಗಿನ ಮೂಲೆಯವರೆಗೆ ಬಂದು, ಅಲ್ಲೊಂದು ಬಾಣದ ಗುರುತು. ಕಾಂಪೌಂಡಿನಿಂದ ಹೊರಕ್ಕೆ. ಬಾಣದ ಆಚೆ ಕಾಗದ ಖಾಲಿ.

ಆ ಖಾಲಿ ಕಾಗದದಲ್ಲಿ ಏನಿದೆ ಅಂತ ನೋಡೋಕೆ ಹೋದೆ. ಭಾವಮೈದ ಗೊಣಗಿದ. ಕಾಂಪೌಂಡ್ ಆಚೆ ಅವರೆಕಾಯಿ ಬೆಳೆ ಹಾಕಿದ್ದ ಒಂದು ಹೊಲ. ಗೋಡೆಯ ಕೆಳಗಿಂದ ಎರಡಡಿ ಪೈಪಿನ ಬಾಯಿ ಸೀದಾ ಆ ಹೊಲಕ್ಕೇ ತೆರೆದುಕೊಂಡಿತ್ತು. ಪೈಪಿನ ಮುಂದೆ ಆಳುದ್ದ ಕೊರಕಲು. ಹೊಲದ ಯಜಮಾನರು ಅಲ್ಲೇ ಎಮ್ಮೆ ಕಟ್ಟುತ್ತಿದ್ದರು.

“ಯಜಮಾನ್ರೇ, ಮೊದಲೂ ಇಲ್ಲಿ ನೀರು ಬರ್ತಿತ್ತಾ?” ಅಂದೆ.

“ಬರ್ತಿತ್ತು ಸ್ವಾಮಿ. ಆವಾಗ ನಡ್ಕೊಂಡು ಬರ್ತಿತ್ತು. ಈಗ ಬೈಕಲ್ಲಿ ಬರುತ್ತೆ.”

ಈ ವಿಷಯದ ಬಗ್ಗೆ ನಾನು ಕೇಳಿದ ಅತಿ ಸರಿಯಾದ ಮಾತು ಇದು. ಇಂಜಿನಿಯರುಗಳು ಗಂಟೆಗಟ್ಟಲೆ ಹೇಳೋದನ್ನು ಎಮ್ಮೆಯ ಹಗ್ಗ ಬಿಗಿಯುತ್ತಾ ಹೇಳಿಬಿಟ್ಟರು. ದೂರು ಕೊಟ್ಟಿದ್ದೀರಾ ಅಂತ ಕೇಳಿದೆ. ಕೊಟ್ಟಿದ್ದರಂತೆ. ಬಂದವರು ಪ್ಲಾನ್ ನೋಡಿ, ಎಲ್ಲ ಸರಿಯಿದೆ ಅಂತ ಹೇಳಿ ಹೋದರಂತೆ.

ಫೋನಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆಪ್ ತೆರೆದೆ. ಸೈಟು ಕೊಳ್ಳುವವರು ಬ್ರೋಶರ್ ನೋಡುವ ಮೊದಲು ಇದನ್ನು ನೋಡಬೇಕು. ನಿಂತ ಜಾಗದ ಸರ್ವೆ ನಂಬರ್ ಬರುತ್ತೆ, ಹಳೇ ಗ್ರಾಮ ನಕಾಶೆಯ ಗೆರೆಗಳು ಕಾಣುತ್ತವೆ. ಒಂದು ಹಳ್ಳದ ಗೆರೆ ಸುಮಾರಾಗಿ ಲೇಔಟಿನ ಮುಖ್ಯ ರಸ್ತೆ ಇರುವಲ್ಲೇ ಹಾದುಹೋಗಿತ್ತು. ನಾಲ್ಕು ಮಾರು ಅಗಲದ ಹಳ್ಳ ಅಂತ ಯಜಮಾನರು ಹೇಳಿದರು. ಈಗ ಅದು ರಸ್ತೆಯ ಕೆಳಗಿನ ಎರಡಡಿ ಪೈಪು.

ನಿಯಮ ಇಲ್ಲ ಅಂತಲ್ಲ. ನಮ್ಮಲ್ಲಿ ನಿಯಮಕ್ಕೆ ಯಾವತ್ತು ಬರ ಬಂದಿದೆ? ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲೇ ತಿದ್ದುಪಡಿ ತಂದು ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಹೊಸದಾಗಿ ಕಟ್ಟುವುದಾದರೆ 30×40ರ ಸೈಟಿಗೂ, ಆಗಲೇ ಇದ್ದ ಮನೆಗಳಲ್ಲಿ 60×40 ಮತ್ತು ಅದಕ್ಕೆ ಮೇಲ್ಪಟ್ಟವಕ್ಕೂ. ಮಾಡದಿದ್ದರೆ ನೀರಿನ ಬಿಲ್ಲಿನ ಜೊತೆ ದಂಡ. ನಮ್ಮ ಬೀದಿಯಲ್ಲೇ ಒಬ್ಬರು ಆ ದಂಡವನ್ನು ತಿಂಗಳು ತಿಂಗಳು ಕೇಬಲ್ ಬಿಲ್ ಕಟ್ಟಿದ ಹಾಗೆ ಕಟ್ಟುತ್ತಾರೆ. ಅಂಗಳ ಅಗೆದರೆ ಗ್ರಾನೈಟ್ ಹಾಳಾಗುತ್ತಂತೆ.

ಮಳೆನೀರು ಹರಿದುಹೋಗುವ ರಾಜಕಾಲುವೆಯ ವಿಷಯದಲ್ಲಂತೂ ದೊಡ್ಡ ಜಗಳವೇ ನಡೆಯಿತು. ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ ಅನ್ನೋ ಬೆಂಗಳೂರಿನ ಯೋಜನೆಯ ಪ್ರಕಾರ ಕಾಲುವೆಯ ನಡುವಿನಿಂದ ಅಳೆದು, ದೊಡ್ಡದಕ್ಕೆ 50 ಮೀಟರ್, ಅದಕ್ಕಿಂತ ಚಿಕ್ಕದಕ್ಕೆ 25, ಇನ್ನೂ ಚಿಕ್ಕದಕ್ಕೆ 15 ಮೀಟರ್ ಏನೂ ಕಟ್ಟದೆ ಬಿಡಬೇಕು ಅಂತಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಹೆಚ್ಚಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ಮೀಟರಿನ ಮೇಲೆ ಇಷ್ಟೆಲ್ಲ ವಾದ ನಡೆಯುತ್ತಿರುವಾಗ ಕಾಲುವೆಗಳೇ ಕರಗುತ್ತಿದ್ದವು. ಕೋರಮಂಗಲ ಮತ್ತು ವೃಷಭಾವತಿ ಕಣಿವೆಗಳ ಕಾಲುವೆಗಳ ಉದ್ದ ನೂರು ವರ್ಷದ ಹಿಂದಿದ್ದುದರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿದೆ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2021ರ ವರದಿಯೇ ಹೇಳಿದೆ.

ಸಿಂಗಪುರದಲ್ಲಿ 2014ರಿಂದ ಬೇರೆ ಥರ ಕೇಳುತ್ತಾರೆ. 0.2 ಹೆಕ್ಟೇರ್, ಅಂದರೆ ಅರ್ಧ ಎಕರೆಯಷ್ಟು ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಏನಾದರೂ ಕಟ್ಟುವುದಾದರೆ, ಜೋರು ಮಳೆಯಲ್ಲಿ ನಿನ್ನ ಜಾಗದಿಂದ ಸಾರ್ವಜನಿಕ ಚರಂಡಿಗೆ ನೀರು ಇಷ್ಟಕ್ಕಿಂತ ವೇಗವಾಗಿ ಹೋಗುವಂತಿಲ್ಲ. ತೊಟ್ಟಿ ಕಟ್ಟು, ತಾರಸಿಯಲ್ಲಿ ಗಿಡ ಬೆಳೆಸು, ಏನಾದರೂ ಮಾಡು, ಸ್ವಲ್ಪ ಹೊತ್ತು ನಿಲ್ಲಿಸಿ ಬಿಡು. ಅಲ್ಲಿ ಅಳೆಯೋದು ಹೊರಗೆ ಹೋಗುವ ನೀರನ್ನು. ನಮ್ಮ ಲೇಔಟಿನಲ್ಲಿ ಎಣಿಸಿದ್ದು ಸೊನ್ನೆಗಳನ್ನು. ಆ ಯಜಮಾನರನ್ನು ಸಮಿತಿಯಲ್ಲಿ ಕೂರಿಸಿದ್ದರೆ ಇದನ್ನು ಮೊದಲ ದಿನವೇ ಹೇಳುತ್ತಿದ್ದರು.

ರಾತ್ರಿ ಮಲಗಿದಾಗ ಮತ್ತೆ ಅದೇ. “ಪ್ಲಾನ್‌ನಲ್ಲಿ ಇದೆ ಸಾರ್.” ಈಗ ನನಗೆ ಆ ಹುಡುಗನ ಮೇಲಲ್ಲ, ಮುಚ್ಚಳ ಮಾಡಿಸಿದವರ ಮೇಲೆ ಆಶ್ಚರ್ಯ. ಅಚ್ಚು ಹಾಕಿ, ಹಿಡಿ ಕೂರಿಸಿ, ಪೇಂಟರ್ ಕರೆಸಿ ಬರೆಸಿದ್ದಾರೆ. ಗುಂಡಿ ತೋಡಲು ಜೆಸಿಬಿಗೆ ಅರ್ಧ ಗಂಟೆ ಸಾಕಿತ್ತು. ಜೆಸಿಬಿ ಅಲ್ಲೇ ನಿಂತಿತ್ತು! ಆದರೆ ಬರೋ ಅಧಿಕಾರಿ ಫೋಟೊ ತೆಗೆದುಕೊಂಡು ಹೋಗುತ್ತಾರೆ, ಫೋಟೊದಲ್ಲಿ ಮುಚ್ಚಳ ಬಿದ್ದರೆ ಆಯಿತು ಅಂತ ಅವರಿಗೆ ಗೊತ್ತು. ಇದು ಸೋಮಾರಿತನ ಅಲ್ಲ, ಅನುಭವ. ಆ ಅಧಿಕಾರಿಯನ್ನೂ ಪೂರ್ತಿ ಬೈಯಲಾರೆ. ಮೇಜಿನ ಮೇಲೆ ಅಂಥ ಫೈಲುಗಳ ರಾಶಿ ಇರುತ್ತೆ. ಆದರೂ ಒಂದೇ ಒಂದು ಮುಚ್ಚಳ ಎತ್ತೋಕೆ ಏನು ಕಷ್ಟ? ಮಗುವಿನ ಕೈಲೇ ಅಲ್ಲಾಡಿತು.

ಭಾವಮೈದ ಸೈಟು ತಗೊಳ್ಳೋದು ಖಾಯಂ. ಬುಧವಾರ ಫೋನ್ ಮಾಡಿದ್ದ. ಮೇಲಿನ ಸಾಲಿನದನ್ನೇ ಆರಿಸಿದ್ದಾನೆ, ಚದರಡಿಗೆ 250 ರೂಪಾಯಿ ಜಾಸ್ತಿ. ಪೈಪಿನ ಪಕ್ಕದ ತಗ್ಗಿನ ಸಾಲು ಅಗ್ಗಕ್ಕೆ ಸಿಗುತ್ತಂತೆ. “ಎಲ್ಲ ಸೈಟೂ ಒಂದೇ ಅಳತೆ, ಒಂದೇ ರಸ್ತೆ. ಅಲ್ಲಿ ಮಾತ್ರ ಯಾಕಪ್ಪಾ ಕಡಿಮೆ?” ಅಂತ ಕೇಳಿದೆ.

“ನಾನೂ ಅದನ್ನೇ ಕೇಳಿದೆ ಭಾವ. ಆ ಸಾಲಿಗೆ ವಾಸ್ತು ಸರಿ ಇಲ್ವಂತೆ.”